ಹಳೇ ಮನೆ ಕೆಡವುವ ಮುಂಚೆ: ಕೆತ್ತನೆಯ ಕಟ್ಟಿಗೆ ಸಾಮಾನು ಉಳಿಸಿಕೊಳ್ಳುವುದು ಹೇಗೆ

ಊರಿನ ಹಳೇ ಮನೆ ಕೆಡವಿ ಆರ್‌ಸಿಸಿ ಕಟ್ಟಿಸೋಣ ಅಂತ ಅಣ್ಣತಮ್ಮಂದಿರು ಕೂತು ಮಾತಾಡಿಕೊಂಡರು ಅಂದರೆ ಮುಂದಿನದೆಲ್ಲ ಗಡಿಬಿಡಿಯೇ. ಸಾಲ, ಪಂಚಾಯ್ತಿ ಕಾಗದ, ಮುಹೂರ್ತ, ಮಳೆ ಹಿಡಿಯುವ ಮುಂಚೆ ಬುನಾದಿ. ಇಷ್ಟರ ನಡುವೆ ಅಟ್ಟದ ಮೇಲಿನ ತೊಟ್ಟಿಲು, ಕೊಟ್ಟಿಗೆ ಮೂಲೆಯಲ್ಲಿರುವ ಬೀಜ ಬಿತ್ತುವ ಕೂರಿಗೆಯ ಬಟ್ಟಲು, ಪಡಸಾಲೆ ಗೋಡೆಯಲ್ಲಿ ಗಿಳಿ ಕೆತ್ತಿದ ಗಿಳಿಗೂಟ ಯಾರಿಗೆ ನೆನಪಾಗುತ್ತವೆ? ಕೊನೆಗೆ ಅವುಗಳಿಗೆ ಉಳಿಯುವುದು ಎರಡೇ ದಾರಿ. ಒಂದು ಬಚ್ಚಲ ಒಲೆ, ಇನ್ನೊಂದು ಹಳೇ ಸಾಮಾನು ಕೊಳ್ಳುವವರ ಟೆಂಪೋ.

ಧಾರವಾಡ, ಗದಗ, ಹಾವೇರಿ ಕಡೆಯ ಹಳ್ಳಿಗಳಲ್ಲಿ ಇಂಥ ಮನೆ ಇನ್ನೂ ಬೇಕಾದಷ್ಟಿವೆ. ನಿಮ್ಮದೂ ಒಂದಿದ್ದರೆ ಈ ಲೇಖನ ನಿಮಗೆ. ಕೆಲಸದ ಕ್ರಮದಲ್ಲೇ ಬರೆದಿದ್ದೇನೆ: ಮೊದಲು ನೋಡುವುದು, ಕೇಳಿ ಬರೆದಿಡುವುದು, ಬಿಚ್ಚುವುದು, ಹುಳು ನೋಡುವುದು, ಆಮೇಲೆ ಒರೆಸುವುದು. ಜನ ಸಾಮಾನ್ಯವಾಗಿ ಕೊನೆಯದನ್ನೇ ಮೊದಲು ಮಾಡುತ್ತಾರೆ. ಸಾಮಾನು ಕೆಳಗಿಳಿಸಿದ ಕೂಡಲೇ ಸೋಪಿನ ನೀರು, ಸ್ಯಾಂಡ್‌ಪೇಪರ್, ವಾರ್ನಿಶ್. ಕೆತ್ತನೆ ಹಾಳಾಗುವುದು ಅಟ್ಟದ ಮೇಲೆ ಅಲ್ಲ, ಈ ಉತ್ಸಾಹದಲ್ಲಿ. ಹಾಗಾಗಿ ಉದ್ದಕ್ಕೂ ಒಂದೇ ಮಾತು ಹೇಳುತ್ತೇನೆ: ಎಷ್ಟು ಕಡಿಮೆ ಕೈ ಹಾಕುತ್ತೀರೋ ಅಷ್ಟು ಒಳ್ಳೆಯದು.

ಏನೇನು ಇದೆ ನೋಡಿ

ಮನೆ ಖಾಲಿ ಮಾಡುವ ಮುಂಚೆ ಒಂದು ಮಧ್ಯಾಹ್ನ ಇದಕ್ಕೇ ಇಡಿ. ಮೊಬೈಲ್ ಟಾರ್ಚ್ ಹಚ್ಚಿಕೊಂಡು ತಲೆಬಾಗಿಲಿನಿಂದ ಹಿತ್ತಲವರೆಗೆ ನಿಧಾನಕ್ಕೆ ನಡೆಯಿರಿ. ಬೆಳಕನ್ನು ನೇರ ಬಿಡಬೇಡಿ, ಪಕ್ಕದಿಂದ ಬಿಡಿ. ಸುಣ್ಣ, ಆಯಿಲ್ ಪೇಂಟ್ ಅಡಿ ಮುಚ್ಚಿಹೋದ ಬಳ್ಳಿ, ಕಮಲ, ಹಂಸ ಆಗ ಎದ್ದು ಕಾಣುತ್ತವೆ.

ತಲೆಬಾಗಿಲಿನ ಚೌಕಟ್ಟು ಎಲ್ಲರಿಗೂ ಗೊತ್ತು. ಮೇಲಿನ ಪಟ್ಟಿಯ ನಡುವೆ ಗಣಪ್ಪನೋ ಲಕ್ಷ್ಮಿಯೋ ಇರುತ್ತದೆ, ಅದನ್ನು ಯಾರೂ ಬಿಟ್ಟು ಹೋಗುವುದಿಲ್ಲ. ತಪ್ಪಿಹೋಗುವುದು ಸಣ್ಣವು. ಗೋಡೆಯಲ್ಲಿ ಹುಗಿದ ಗಿಳಿಗೂಟಗಳು. ಕಂಬದ ಮೇಲೆ ತೊಲೆ ಹೊತ್ತ ಬೋದಿಗೆ. ದೇವರ ಜಗಲಿಯ ಮುಂದಿನ ಪಟ್ಟಿ. ಅಡಿಗೆಮನೆಯಲ್ಲಿ ಕಡಗೋಲು, ರೊಟ್ಟಿ ಹಿಟ್ಟು ನಾದುವ ಕಟ್ಟಿಗೆ ಪರಾತ, ಕುಂಕುಮದ ಭರಣಿ. ಅಟ್ಟದ ಮೇಲೆ ಶಾವಿಗೆ ಮಣೆ, ಲಗ್ನದ ಮಣೆ, ಅಳಗುಳಿ ಮಣೆ. ಅಳಗುಳಿ ಮಣೆ ಸಾಮಾನ್ಯವಾಗಿ ಸಾಲಿಗೆ ಏಳರಂತೆ ಎರಡು ಸಾಲು, 14 ಗುಳಿ. ಕೆಲವಕ್ಕೆ ನಡುವೆ ಮಡಚುವ ಕೀಲು ಇರುತ್ತದೆ, ತುದಿಯಲ್ಲಿ ಕುದುರೆ ತಲೆಯೋ ಮೀನಿನ ಬಾಲವೋ ಕೆತ್ತಿರುತ್ತಾರೆ.

ಕೊಟ್ಟಿಗೆಗೆ ತಪ್ಪದೆ ಹೋಗಿ. ಅಲ್ಲಿ ಕೂರಿಗೆ ಬಟ್ಟಲು ಹುಡುಕಿ. ನನ್ನ ಲೆಕ್ಕದಲ್ಲಿ ನಮ್ಮ ಕಡೆಯ ರೈತರ ಮನೆಯಲ್ಲಿ ಇದಕ್ಕಿಂತ ಚೆಂದದ ಕಟ್ಟಿಗೆ ಸಾಮಾನು ಇನ್ನೊಂದಿಲ್ಲ. ಬಿತ್ತುವಾಗ ಕೂರಿಗೆಯ ಮೇಲೆ ಕೂಡುವ ಬಟ್ಟಲು ಇದು. ಕೂರಿಗೆಗೆ ಎಷ್ಟು ತಾಳು (ನೆಲ ಸೀಳುವ ಹಲ್ಲು) ಇವೆಯೋ ಅಷ್ಟು ತೂತು ತಳದಲ್ಲಿ. ಪ್ರತಿ ತೂತಿಗೂ ಒಂದೊಂದು ಬಿದಿರಿನ ಕೊಳವೆ, ಅದರೊಳಗಿಂದ ಬೀಜ ನೆಲಕ್ಕೆ. ಎತ್ತು ಹೊಡೆಯುವವನು ಮುಂದೆ, ಬೀಜ ಬಿಡುವ ಹೆಣ್ಣುಮಗಳು ಹಿಂದೆ. ಮುಷ್ಟಿ ಬಿಗಿಹಿಡಿದು ಬೆರಳ ಸಂದಿಯಿಂದ ಒಂದೇ ಸಮ ಬೀಜ ಬಿಡುವುದು ಎಲ್ಲರಿಗೂ ಬರುವ ವಿದ್ಯೆ ಅಲ್ಲ.

ಆ ಬಟ್ಟಲನ್ನು ಕೈಯಲ್ಲಿ ಹಿಡಿದು ಸುತ್ತ ತಿರುಗಿಸಿ ನೋಡಿ. ಹೊರಗೆ ಕಮಲದ ದಳ ಕೆತ್ತಿದ್ದರೆ ಒಂದು ಪಕ್ಕದ ದಳಗಳು ಇನ್ನೂ ಚೂಪಾಗಿರುತ್ತವೆ, ಇನ್ನೊಂದು ಪಕ್ಕದವು ನುಣ್ಣಗೆ ಸವೆದಿರುತ್ತವೆ. ಸವೆದದ್ದು ಬೀಜ ಬಿಡುವವಳ ಕೈ ತಾಗುತ್ತಿದ್ದ ಕಡೆ. ತೂತಿನ ಬಾಯಿಯೂ ಕಾಳು ಜಾರಿ ಜಾರಿ ದುಂಡಗಾಗಿರುತ್ತದೆ. ಸ್ಯಾಂಡ್‌ಪೇಪರ್ ಹಿಡಿದರೆ ಮೊದಲು ಅಳಿಯುವುದೇ ಇದು. ಕೆತ್ತಿದವನ ಕೆಲಸ ಒಂದು, ಬಳಸಿದವರ ಕೆಲಸ ಇನ್ನೊಂದು. ಎರಡೂ ಉಳಿದರೆ ಮಾತ್ರ ಸಾಮಾನು ಉಳಿದಂತೆ.

ಕೇಳಿ, ಬರೆದಿಡಿ

ಫೋಟೊ ತೆಗೆಯಿರಿ. ಸಾಮಾನು ಇದ್ದ ಜಾಗದಲ್ಲೇ ಒಂದು, ಹತ್ತಿರದಿಂದ ಒಂದು, ಹಿಂಬದಿಯದು ಒಂದು. ಪಕ್ಕದಲ್ಲಿ ಅಳತೆ ಟೇಪು ಇಟ್ಟುಕೊಳ್ಳಿ.

ಆಮೇಲೆ ಮನೆಯ ಹಿರಿಯರನ್ನು ಕೂಡಿಸಿಕೊಂಡು ಮೊಬೈಲಿನಲ್ಲಿ ರೆಕಾರ್ಡ್ ಹಾಕಿ. "ಅಜ್ಜಿ, ಇದು ಏನು?" ಅಂದರೆ ಒಂದೇ ಪದದ ಉತ್ತರ ಬರುತ್ತದೆ. "ಇದರ ಮ್ಯಾಲೆ ಕುಂತು ನೀನ ಏನ ಮಾಡ್ತಿದ್ದಿ?" ಅಂತ ಕೇಳಿ ನೋಡಿ. ಶಾವಿಗೆ ಮಣೆಯ ಮೇಲೆ ಯಾವ ಕಡೆ ಮುಖ ಮಾಡಿ ಕೂಡುತ್ತಿದ್ದರು, ಎಳೆ ಹಿಡಿಯುವವರು ಯಾರು, ಯಾರ ಮದುವೆಗೆ ಎಷ್ಟು ಶಾವಿಗೆ ಮಾಡಿದ್ದರು, ಎಲ್ಲ ತಾನಾಗೇ ಬರುತ್ತದೆ.

ಮಾಡಿದವರ ಹೆಸರನ್ನೂ ಕೇಳಿ. ಈ ಸಾಮಾನಿನ ಮೇಲೆ ಯಾರೂ ಸಹಿ ಹಾಕುತ್ತಿರಲಿಲ್ಲ. ಹಳ್ಳಿಯ ಬಡಿಗೇರರಿಗೆ ಒಂದೊಂದು ವಸ್ತುವಿಗೆ ರೊಕ್ಕ ಕೊಡುವ ಪದ್ಧತಿ ಇರಲಿಲ್ಲ, ಸುಗ್ಗಿಯಲ್ಲಿ ಕಣದಿಂದ ಆಯದ ಕಾಳು ಹೋಗುತ್ತಿತ್ತು. ಹಾಗಾಗಿ "ಇದನ್ನು ಯಾರು ಮಾಡಿದರು?" ಅಂದರೆ ನೆನಪಾಗದಿದ್ದರೂ "ನಮ್ಮ ಮನೆ ಆಯ ಯಾವ ಬಡಿಗೇರರು ಒಯ್ಯುತ್ತಿದ್ದರು?" ಅಂದರೆ ಥಟ್ಟನೆ ನೆನಪಾಗುತ್ತದೆ. ಆ ಮನೆತನದವರು ಈಗಲೂ ಊರಲ್ಲಿದ್ದರೆ ಹೋಗಿ ಮಾತಾಡಿಸಿ. ಮುಂದೆ ರಿಪೇರಿಗೂ ಅವರೇ ಬೇಕಾಗುತ್ತಾರೆ.

ಕೇಳಿದ್ದನ್ನು ಚೀಟಿಯಲ್ಲಿ ಪೆನ್ಸಿಲ್‌ನಿಂದ ಬರೆದು ನೂಲಿನ ದಾರದಲ್ಲಿ ಕಟ್ಟಿ. ಮಾರ್ಕರ್‌ನಿಂದ ಕಟ್ಟಿಗೆ ಮೇಲೆ ಬರೆಯಬೇಡಿ, ಸ್ಟಿಕ್ಕರ್ ಅಂಟಿಸಬೇಡಿ.

ಬಿಚ್ಚುವುದು

ಇಲ್ಲಿ ಜೀವದ ಪ್ರಶ್ನೆ ಇದೆ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಮ್ಮ ಮಾಳಿಗೆ ಮನೆಗಳ ಮೇಲ್ಮುದ್ದೆ ಅಂದರೆ ಟನ್‌ಗಟ್ಟಲೆ ಮಣ್ಣು. ಅದನ್ನೆಲ್ಲ ಹೊತ್ತಿರುವುದು ಜಂತಿ, ತೊಲೆ, ಬೋದಿಗೆ, ಕಂಬ. ಮಣ್ಣು ಮೇಲಿರುವಾಗ ಕೆಳಗಿನ ಕಂಬಕ್ಕೋ ಬೋದಿಗೆಗೋ ಕೈ ಹಾಕಲೇಬೇಡಿ. ಬಾಗಿಲ ಚೌಕಟ್ಟೂ ಹಾಗೆಯೇ, ಮೇಲಿನ ಗೋಡೆಯ ಭಾರ ಅದರ ಮೇಲಿರುತ್ತದೆ. ಕ್ರಮ ಹೀಗಿರಲಿ: ಮೊದಲು ಮಾಳಿಗೆ ಮಣ್ಣು ಇಳಿಸುವುದು, ಆಮೇಲೆ ಜಂತಿ, ಆಮೇಲೆ ತೊಲೆ, ಬಾಗಿಲ ಮೇಲಿನ ಗೋಡೆ ಚೌಕಟ್ಟಿನ ಮಟ್ಟಕ್ಕೆ ಇಳಿದ ನಂತರ ಚೌಕಟ್ಟು.

ಗುತ್ತಿಗೆದಾರರ ಜೊತೆ ಮೊದಲೇ ಮಾತಾಡಿಕೊಳ್ಳಿ. ಕೆಡವುವ ಕೂಲಿ ಕಡಿಮೆ ಮಾಡಿಕೊಂಡು "ಕಟ್ಟಿಗೆ ನಮಗೆ" ಅನ್ನುವ ಒಪ್ಪಂದ ಮಾಮೂಲಿ. ನಿಮಗೆ ಯಾವ ಯಾವ ಸಾಮಾನು ಬೇಕೋ ಅದರ ಪಟ್ಟಿ ಬರೆದು ಇಬ್ಬರೂ ಸಹಿ ಹಾಕಿ. ಬಾಯಿಮಾತು ಜೆಸಿಬಿ ಸದ್ದಿನಲ್ಲಿ ಯಾರಿಗೂ ಕೇಳಿಸುವುದಿಲ್ಲ.

ಹಳೇ ಬಾಗಿಲಿಗೆ ಕಬ್ಬಿಣದ ಕೀಲು ಇರುವುದಿಲ್ಲ. ಬಾಗಿಲ ಹಲಗೆಯದೇ ಮೇಲೊಂದು ಕೆಳಗೊಂದು ತಿರುಗುಣಿ, ಅವು ಗುಳಿಯಲ್ಲಿ ಕೂತಿರುತ್ತವೆ. ಬಾಗಿಲನ್ನು ಪೂರ್ತಿ ತೆರೆದು ಮೇಲಕ್ಕೆತ್ತಿದರೆ ಕೆಳಗಿನ ತಿರುಗುಣಿ ಗುಳಿಯಿಂದ ಏಳುತ್ತದೆ, ಆಮೇಲೆ ಓರೆ ಮಾಡಿ ಹೊರಗೆಳೆಯಬಹುದು. ಏಳದಿದ್ದರೆ ಹೊಸ್ತಿಲ ಗುಳಿಯಲ್ಲಿ ವರ್ಷಗಟ್ಟಲೆ ಕೂತ ಮಣ್ಣು ಕೆರೆದು ತೆಗೆಯಿರಿ. ಹಾರೆ ಹಾಕಿ ಮೀಟಬೇಡಿ. ತಿರುಗುಣಿ ಮುರಿದರೆ ಅದು ಬಾಗಿಲಲ್ಲ, ಬರೀ ಹಲಗೆ.

ಚೌಕಟ್ಟಿನ ಮೇಲಿನ ಮತ್ತು ಕೆಳಗಿನ ಪಟ್ಟಿಗಳು ಎರಡೂ ಕಡೆ ಗೋಡೆಯೊಳಗೆ ಚಾಚಿಕೊಂಡಿರುತ್ತವೆ. ಅದಕ್ಕೆ ಕಿವಿ ಅನ್ನಿ. ಕೆಲಸದವರು ಬೇಗ ಮುಗಿಯಲಿ ಅಂತ ಗೋಡೆಗೆ ಸರಿಯಾಗಿ ಗರಗಸ ಹಾಕಿ ಕಿವಿ ಕತ್ತರಿಸಿಬಿಡುತ್ತಾರೆ. ಗೋಡೆಯನ್ನು ಅಗೆಯಲಿ, ಕಿವಿಯನ್ನು ಬಿಡಲಿ. ಜೋಡಣೆಗಳಲ್ಲೂ ಅಷ್ಟೆ. ಒಂದು ಕಟ್ಟಿಗೆಯ ನಾಲಗೆ ಇನ್ನೊಂದರ ತೂತಿನಲ್ಲಿ ಕೂತು, ಅಡ್ಡಲಾಗಿ ಕಟ್ಟಿಗೆ ಬೆಣೆ ಹೊಡೆದಿರುತ್ತದೆ. ಆ ಬೆಣೆಯನ್ನು ಸಣ್ಣ ಕಡೆಯಿಂದ ತಟ್ಟಿದರೆ ಹಿಂದಕ್ಕೆ ಬರುತ್ತದೆ. ಊರಿನ ವಯಸ್ಸಾದ ಬಡಿಗೇರರು ಪಕ್ಕದಲ್ಲಿದ್ದರೆ ಹೇಳುವುದೇ ಇಷ್ಟು: "ಕೊಯ್ಯಬ್ಯಾಡ್ರಿ, ಅದು ಎಲ್ಲಿ ಹೊಕ್ಕೈತೋ ಅಲ್ಲಿಂದನ ಹೊರಗ ಬರತೈತಿ." ಸುತ್ತಿಗೆಯಿಂದ ನೇರ ಹೊಡೆಯುವ ಬದಲು ಕಟ್ಟಿಗೆಯ ಕೊಡತಿ ಬಳಸಿ, ನಡುವೆ ಒಂದು ಮೆತ್ತನೆ ಹಲಗೆ ತುಂಡು ಇಡಿ.

ಬಿಚ್ಚುವ ಮುಂಚೆ ಪ್ರತಿ ತುಂಡಿಗೂ ಹಿಂಬದಿಯಲ್ಲಿ ಸೀಮೆಸುಣ್ಣದಿಂದ ನಂಬರ್ ಹಾಕಿ. ಎರಡು ತುಂಡು ಸೇರುವ ಕಡೆ ಎರಡರ ಮೇಲೂ ಒಂದೇ ಗುರುತು. ಬೆಣೆಗಳನ್ನು ಆಯಾ ತುಂಡಿನ ಜೊತೆಗೇ ಚೀಲದಲ್ಲಿ ಕಟ್ಟಿ.

ಭಾರದ ಅಂದಾಜು ಇರಲಿ. 6 ಅಡಿ ಉದ್ದ, 6 ಇಂಚು ಅಗಲ, 6 ಇಂಚು ದಪ್ಪದ ಒಣ ಸಾಗವಾನಿ ತುಂಡು ಹೆಚ್ಚು ಕಡಿಮೆ 28 ಕೆಜಿ ತೂಗುತ್ತದೆ. ಏಣಿ ಮೇಲೆ ನಿಂತು ಒಬ್ಬರೇ ಇಳಿಸುವ ಕೆಲಸ ಅಲ್ಲ.

ಗಿಳಿಗೂಟಗಳನ್ನು ಎಳೆದು ಕೀಳಲು ಹೋದರೆ ಗಿಳಿಯ ಕೊಕ್ಕು ಕೈಗೆ ಬರುತ್ತದೆ. ಹೊರಗೆ ಕಾಣುವಷ್ಟೇ ಉದ್ದ ಗೋಡೆಯೊಳಗೂ ಇರುತ್ತದೆ. ಸುತ್ತಲಿನ ಮಣ್ಣಿಗೆ ನೀರು ಚಿಮುಕಿಸಿ, ಮೆತ್ತಗಾದ ಮೇಲೆ ಅಗೆದು ತೆಗೆಯಿರಿ.

ಕುಟ್ಟೆ ಇದೆಯಾ ಅಂತ ನೋಡಿ

ಹೊರಗೆ ತಂದ ಸಾಮಾನನ್ನು ನೇರ ಹೊಸ ಮನೆಗೆ ಒಯ್ಯಬೇಡಿ. ಕುಟ್ಟೆ, ಅಂದರೆ ಕಟ್ಟಿಗೆ ಕೊರೆಯುವ ಹುಳು, ಹಿಡಿದ ಒಂದು ಮಣೆ ಸಾಕು, ಹೊಸ ಪ್ಲೈವುಡ್ ಕಪಾಟಿಗೂ ಹತ್ತುತ್ತದೆ. ಕಟ್ಟಿಗೆಯಲ್ಲಿ ಗುಂಡುಸೂಜಿ ತಲೆಯಷ್ಟು ದುಂಡನೆಯ ತೂತುಗಳಿದ್ದರೆ ಗಾಬರಿ ಬೀಳಬೇಡಿ. ಅವು ಹುಳು ಹೊರಗೆ ಹೋದ ಬಾಗಿಲುಗಳು, ಎಷ್ಟೋ ವರ್ಷ ಹಿಂದಿನವೂ ಇರಬಹುದು. ಈಗ ಹುಳು ಇದೆಯಾ ಅಂತ ತಿಳಿಯಲು ಸಾಮಾನಿನ ಕೆಳಗೆ ಕಪ್ಪು ಕಾಗದ ಹಾಸಿ, ಮೆಲ್ಲಗೆ ತಟ್ಟಿ, ಉದುರಿದ ಪುಡಿ ಒರೆಸಿಬಿಡಿ. ಒಂದೆರಡು ವಾರ ಹಾಗೇ ಬಿಡಿ. ಮತ್ತೆ ಮೈದಾ ಹಿಟ್ಟಿನಂಥ ಪುಡಿ ಬಿದ್ದಿದ್ದರೆ ಒಳಗೆ ಜೀವ ಇದೆ ಅಂತ ಅರ್ಥ. ಬೇಸಿಗೆ ಮತ್ತು ಮಳೆಗಾಲ ಕಳೆಯುವವರೆಗೂ ಆಗಾಗ ನೋಡುತ್ತಿರಿ.

ಈ ಹುಳು ತಿನ್ನುವುದು ಹೆಚ್ಚಾಗಿ ಮರದ ಹೊರಗಿನ ಬಿಳಿ ಭಾಗವನ್ನು. ಅದರಲ್ಲಿ ಪಿಷ್ಟ ಇರುತ್ತದೆ. ಸಾಗವಾನಿ, ಬೀಟೆ, ಹೊನ್ನೆಯ ನಡುವಿನ ಕೆಂಚು ಭಾಗಕ್ಕೆ ಅಷ್ಟಾಗಿ ಬಾಯಿ ಹಾಕುವುದಿಲ್ಲ. ಒಂದೇ ಚೌಕಟ್ಟಿನಲ್ಲಿ ಒಂದು ಅಂಚು ಜರಡಿ ಹಿಡಿದು ಉಳಿದದ್ದು ಗಟ್ಟಿ ಇರುವುದು ಇದಕ್ಕೇ.

ಕಡಗೋಲು, ಭರಣಿಯಂಥ ಸಣ್ಣ, ಬಣ್ಣವಿಲ್ಲದ ಸಾಮಾನಿಗೆ ಸುಲಭ ಉಪಾಯ ಡೀಪ್ ಫ್ರೀಜರ್. ಚೆನ್ನಾಗಿ ಒಣಗಿದ ಸಾಮಾನನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ, ಸೊನ್ನೆಗಿಂತ 18 ಡಿಗ್ರಿ ಕೆಳಗೆ ಎರಡು ವಾರ ಇಡಿ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ, ಇಲ್ಲದಿದ್ದರೆ ಕಟ್ಟಿಗೆ ಮೇಲೆ ನೀರು ಕೂರುತ್ತದೆ. ಫ್ರಿಜ್‌ನ ಐಸ್ ಪೆಟ್ಟಿಗೆ ಇದಕ್ಕೆ ಸಾಲದು.

ದೊಡ್ಡ ಸಾಮಾನಿಗೆ ಬೋರಿಕ್ ದ್ರಾವಣ. 1 ಲೀಟರ್ ಬಿಸಿನೀರಿಗೆ ಬಿಳಿಗಾರ (ಬೋರಾಕ್ಸ್) 60 ಗ್ರಾಂ, ಬೋರಿಕ್ ಪುಡಿ 40 ಗ್ರಾಂ ಹಾಕಿ ಕರಗಿಸಿ. ಚೌಕಟ್ಟಿನ ಹಿಂಬದಿಗೆ, ಗೋಡೆಯೊಳಗೆ ಹೋಗುವ ಕಿವಿಗಳಿಗೆ, ತೂತುಗಳಿಗೆ ಬ್ರಷ್‌ನಿಂದ ಹಚ್ಚಿ. ಕೈಗವಸು ಹಾಕಿಕೊಳ್ಳಿ, ಮಕ್ಕಳನ್ನು ದೂರ ಇಡಿ. ಅಡಿಗೆ ಸಾಮಾನು, ತೊಟ್ಟಿಲು, ಬಣ್ಣ ಹಚ್ಚಿದ ಮೈಗೆ ಇದು ಬೇಡ.

ಸೀಮೆಎಣ್ಣೆ ಹಚ್ಚುವ ರೂಢಿ ಇದೆ. ವಾಸನೆ ಉಳಿಯುತ್ತದೆ, ಬೆಂಕಿಯ ಭಯ ಉಳಿಯುತ್ತದೆ, ಹುಳು ಮಾತ್ರ ಮತ್ತೆ ಬರುತ್ತದೆ. ಟ್ರ್ಯಾಕ್ಟರ್‌ನ ಸುಟ್ಟ ಆಯಿಲ್ ಅಂತೂ ಬೇಡವೇ ಬೇಡ. ಕೆತ್ತನೆಯ ಗೀರುಗಳೆಲ್ಲ ಕರಿ ಜಿಡ್ಡಿನಿಂದ ತುಂಬಿ, ಮುಟ್ಟಿದವರ ಕೈಗೆಲ್ಲ ಹತ್ತುತ್ತದೆ. ಒಮ್ಮೆ ಕುಡಿದ ಕಟ್ಟಿಗೆಯಿಂದ ಅದನ್ನು ತೆಗೆಯಲು ಬರುವುದಿಲ್ಲ.

ಒರೆಸುವುದು

ಮೊದಲು ಒಣ ಬ್ರಷ್. ಮನೆಗೆ ಬಣ್ಣ ಬಳಿಯುವ ಮೆತ್ತನೆಯ ಬ್ರಷ್, ಮಕ್ಕಳ ಹಲ್ಲುಜ್ಜುವ ಬ್ರಷ್, ಇಷ್ಟು ಸಾಕು. ಕೆತ್ತನೆಯ ಸಂದಿಗೆ ಕಬ್ಬಿಣದ ಮೊಳೆ, ಚಾಕು ಹಾಕಬೇಡಿ. ಬಿದಿರಿನ ಕಡ್ಡಿಯ ತುದಿ ಚಪ್ಪಟೆ ಮಾಡಿಕೊಂಡು ಕೆರೆಯಿರಿ. ನಿಜ ಹೇಳಬೇಕಂದರೆ ಮುಕ್ಕಾಲು ಸಾಮಾನಿಗೆ ಇಲ್ಲಿಗೇ ಕೆಲಸ ಮುಗಿಯುತ್ತದೆ.

ಅಡಿಗೆಮನೆಯ ಹೊಗೆ, ದೀಪದ ಎಣ್ಣೆ ಸೇರಿ ಕಟ್ಟಿದ ಜಿಡ್ಡು ಇದ್ದರೆ ಮಾತ್ರ ನೀರಿನ ಮಾತು. ಒಂದು ಬಟ್ಟಲು ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೆರಡು ಹನಿ. ಬಟ್ಟೆ ಅದ್ದಿ ಗಟ್ಟಿಯಾಗಿ ಹಿಂಡಿ, ಹಿಂಬದಿಯಲ್ಲಿ ಒಂದು ರೂಪಾಯಿಯಷ್ಟು ಜಾಗದಲ್ಲಿ ಒರೆಸಿ ನೋಡಿ. ಬಟ್ಟೆಗೆ ಬರೀ ಕಪ್ಪು ಬಂದರೆ ಜಿಡ್ಡು. ಕೆಂಪು, ಹಸಿರು, ಹಳದಿ ಬಂದರೆ ಅದು ಬಣ್ಣ, ಅಲ್ಲಿಗೇ ನಿಲ್ಲಿಸಿ. ಒರೆಸಿದ ಮೇಲೆ ಕೂಡಲೇ ಒಣ ಬಟ್ಟೆಯಿಂದ ನೀರು ತೆಗೆಯಿರಿ. ಪೈಪು ಹಿಡಿದು ತೊಳೆಯುವುದು, ಹೌದಿನಲ್ಲಿ ನೆನೆಹಾಕುವುದು, ವಾಷಿಂಗ್ ಸೋಡಾ, ಸ್ಟೀಲ್ ನಾರು ಯಾವುದೂ ಬೇಡ. ಒಣಗಿಸುವುದು ನೆರಳಿನಲ್ಲಿ. ಏಪ್ರಿಲ್ ಬಿಸಿಲಿಗೆ ಒದ್ದೆ ಹಲಗೆ ಇಟ್ಟರೆ ಸಂಜೆಗೆ ಸೀಳಿರುತ್ತದೆ.

ಬಾಗಿಲಿಗೆ ಹಸಿರು, ನೀಲಿ ಆಯಿಲ್ ಪೇಂಟ್ ಪದರ ಪದರವಾಗಿ ಕೂತಿದ್ದರೆ ಏನು ಮಾಡುವುದು? ಇದು ಎಲ್ಲರ ಪ್ರಶ್ನೆ. ನನ್ನ ಅಭಿಪ್ರಾಯ: ಬಿಟ್ಟುಬಿಡಿ. ಆ ಬಣ್ಣವೂ ಮನೆಯ ಚರಿತ್ರೆಯೇ. ತೆಗೆಯಲೇಬೇಕು ಅಂದರೆ ಒಣಗಿದ್ದನ್ನು ಉಜ್ಜಿ ಪುಡಿ ಮಾಡಬೇಡಿ. ನಮ್ಮ ದೇಶದಲ್ಲಿ ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಬಾರದು ಅನ್ನುವ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಎನಾಮಲ್‌ನಲ್ಲಿ ಸೀಸ ಇದೆ ಅಂತಲೇ ಅಂದುಕೊಳ್ಳಿ. ಆ ಪುಡಿ ಮಕ್ಕಳ ಮೆದುಳಿಗೆ ವಿಷ. ಪೇಂಟ್ ಮೆತ್ತಗೆ ಮಾಡುವ ದ್ರಾವಣ ಹಚ್ಚಿ, ಒದ್ದೆ ಇರುವಾಗಲೇ ಕಟ್ಟಿಗೆ ಚಮಚದಿಂದ ಎತ್ತಬೇಕು. ಮಾಸ್ಕ್, ಕೈಗವಸು ಹಾಕಿಕೊಂಡು ಬಯಲಿನಲ್ಲಿ ಮಾಡಬೇಕು. ಅನುಭವ ಇರುವ ಪಾಲಿಶ್ ಕೆಲಸದವರ ಕೈಗೆ ಕೊಡುವುದು ಇನ್ನೂ ಮೇಲು.

ಕಲಘಟಗಿ ತೊಟ್ಟಿಲಿಗೆ ಬೇರೆ ನಿಯಮ

ಅಟ್ಟದ ಮೇಲೆ ಬಣ್ಣದ ತೊಟ್ಟಿಲು ಸಿಕ್ಕರೆ ಅದನ್ನು ಉಳಿದ ಸಾಮಾನಿನ ಜೊತೆ ಸೇರಿಸಬೇಡಿ. ಧಾರವಾಡ ಜಿಲ್ಲೆಯ ಕಲಘಟಗಿ ಈ ತೊಟ್ಟಿಲಿಗೇ ಹೆಸರಾದ ಊರು. ಸಾಗವಾನಿ ಕಟ್ಟಿಗೆ, ಮೇಲೆ ಅರಗಿನ ಬಣ್ಣ, ಪಟ್ಟಿಗಳ ಮೇಲೆ ರಾಮಾಯಣ, ಮಹಾಭಾರತದ ಚಿತ್ರಗಳು, ಕೃಷ್ಣನ ಬಾಲಲೀಲೆ. ಚೊಚ್ಚಲ ಹೆರಿಗೆಯಾದ ಮಗಳಿಗೆ ತವರಿನಿಂದ ಕೊಡುತ್ತಿದ್ದದ್ದು. ಒಂದೇ ತೊಟ್ಟಿಲಲ್ಲಿ ಅಜ್ಜ, ಮಗ, ಮೊಮ್ಮಗ ಮೂವರೂ ಮಲಗಿರುತ್ತಾರೆ.

ಅರಗಿಗೆ ಎರಡು ವೈರಿಗಳು. ಒಂದು ಬಿಸಿ, ಇನ್ನೊಂದು ಸ್ಪಿರಿಟ್. ಬಿಸಿಲಿಗೆ ಇಟ್ಟರೆ ಅರಗು ಮೆತ್ತಗಾಗಿ ಧೂಳು ಅಂಟುತ್ತದೆ, ಸುತ್ತಿದ ಬಟ್ಟೆಯೂ ಅಂಟುತ್ತದೆ. ಪ್ಲಾಸ್ಟಿಕ್‌ನಲ್ಲಿ ಸುತ್ತಿ ಪತ್ರಾಸಿನ (ತಗಡಿನ ಚಾವಣಿಯ) ಕೆಳಗೆ ಇಡುವುದಂತೂ ಬಹಳ ಕೆಟ್ಟದ್ದು. ಸ್ಪಿರಿಟ್, ಸ್ಯಾನಿಟೈಸರ್, ಥಿನ್ನರ್ ತಾಗಿದರೆ ಬಣ್ಣ ಕರಗಿ ಬಟ್ಟೆಗೇ ಬರುತ್ತದೆ. ಇಲ್ಲಿ ಒಣ ಮೆತ್ತನೆ ಬಟ್ಟೆ ಮಾತ್ರ. ಚಿತ್ರದ ಬಣ್ಣ ಎದ್ದು ಚಕ್ಕೆಯಾಗಿದ್ದರೆ ಬಟ್ಟೆಯೂ ಬೇಡ, ಮೂಗಿನಿಂದ ದೂರ ಹಿಡಿದು ಊದಿ ಧೂಳು ಹಾರಿಸಿ. ಅಳಿಸಿಹೋದ ಕೃಷ್ಣನ ಕಣ್ಣನ್ನು ನೀವೇ ಬರೆಯಲು ಹೋಗಬೇಡಿ. ಬರೆಯಲೇಬೇಕು ಅನಿಸಿದರೆ ಕಲಘಟಗಿಯಲ್ಲಿ ಇನ್ನೂ ತೊಟ್ಟಿಲು ಮಾಡುವ ಕುಟುಂಬಗಳ ಹತ್ತಿರ ಒಯ್ಯಿರಿ.

ಅದೇ ತೊಟ್ಟಿಲಲ್ಲಿ ಕೂಸನ್ನು ಮಲಗಿಸಬೇಕು ಅನ್ನುವ ಆಸೆ ಸಹಜ. ನಾಮಕರಣದ ದಿನ ಶಾಸ್ತ್ರಕ್ಕೆ ಮಲಗಿಸಿ, ಫೋಟೊ ತೆಗೆಯಿರಿ. ಅದಕ್ಕೂ ಮುಂಚೆ ಸರಪಳಿ, ಕೊಂಡಿ, ಮೂಲೆ ಜೋಡಣೆಗಳನ್ನು ಬಡಿಗೇರರಿಗೆ ತೋರಿಸಿ. ನಡುವೆ ಎಂದೋ ಯಾರೋ ಅಂಗಡಿ ಬಣ್ಣ ಬಳಿದಿದ್ದರೆ, ಹಲ್ಲು ಬರುತ್ತಿರುವ ಕೂಸು ಅಂಚು ಕಚ್ಚದಂತೆ ನೋಡಿಕೊಳ್ಳಿ.

ಇನ್ನೊಂದು ಮಾತು. ಊರ ದ್ಯಾಮವ್ವನ ಕಟ್ಟಿಗೆ ಮೂರ್ತಿ, ಓಣಿಯ ಕಾಮಣ್ಣ-ರತಿ ನಿಮ್ಮ ಮನೆಯ ಸುಪರ್ದಿನಲ್ಲಿದ್ದರೆ ಈ ಲೇಖನದ ಯಾವ ಸಲಹೆಯೂ ಅವಕ್ಕೆ ಅನ್ವಯಿಸುವುದಿಲ್ಲ. ಜಾತ್ರೆಗೆ ಮುಂಚೆ ದ್ಯಾಮವ್ವ ಬಣ್ಣಕ್ಕೆ ಹೋಗುವುದು ಬಡಿಗೇರರ ಮನೆಗೆ. ಅದಕ್ಕೆ ಊರಿನ ಪದ್ಧತಿ ಇದೆ, ಹಿರಿಯರಿದ್ದಾರೆ. ಕೈ ಹಾಕಬೇಡಿ.

ಎಣ್ಣೆ ಹಚ್ಚಬೇಕಾ?

ಬಣ್ಣವಿಲ್ಲದ, ಒಣಗಿ ಬೂದು ಬಣ್ಣಕ್ಕೆ ತಿರುಗಿದ ಕಟ್ಟಿಗೆಗೆ ಸ್ವಲ್ಪ ಎಣ್ಣೆ ಒಳ್ಳೆಯದು. ಆದರೆ ಯಾವ ಎಣ್ಣೆ ಅನ್ನುವುದು ಮುಖ್ಯ. ಮನೆಯಲ್ಲಿದೆ ಅಂತ ಶೇಂಗಾ ಎಣ್ಣೆ ಹಚ್ಚುತ್ತಾರೆ. ಅದು ಒಣಗುವ ಜಾತಿಯ ಎಣ್ಣೆ ಅಲ್ಲ. ತಿಂಗಳುಗಟ್ಟಲೆ ಜಿಗುಟಾಗಿದ್ದು, ಧೂಳು ಹಿಡಿದು, ಕೊನೆಗೆ ಕಮಟು ವಾಸನೆ ಹೊಡೆಯುತ್ತದೆ. ಅಗಸೆ ಎಣ್ಣೆ ಗಾಳಿಗೆ ಗಟ್ಟಿಯಾಗಿ ಕಟ್ಟಿಗೆಯೊಳಗೇ ಕೂರುತ್ತದೆ. ಕುಸುಬಿ ಎಣ್ಣೆಯೂ ನಿಧಾನಕ್ಕೆ ಒಣಗುತ್ತದೆ, ಅಗಸೆಯಷ್ಟು ಹಳದಿಯಾಗುವುದಿಲ್ಲ. ಎರಡೂ ನಮ್ಮ ಎರೆಭೂಮಿಯ ಬೆಳೆಗಳೇ, ಗಾಣದ ಎಣ್ಣೆ ಸಿಗುವುದು ಕಷ್ಟವಲ್ಲ. ರೊಟ್ಟಿ ಪರಾತ, ಲಟ್ಟಣಿಗೆಯಂಥ ಊಟಕ್ಕೆ ಸಂಬಂಧಿಸಿದ ಸಾಮಾನಿಗೆ ಇವೇ ಸರಿ. ಹಾರ್ಡ್‌ವೇರ್ ಅಂಗಡಿಯ 'ಬೇಯಿಸಿದ' ಅಗಸೆ ಎಣ್ಣೆಯಲ್ಲಿ ಬೇಗ ಒಣಗಲು ಲೋಹದ ಲವಣ ಸೇರಿಸಿರುತ್ತಾರೆ. ಅದು ಬಾಗಿಲು, ಕಂಬಕ್ಕೆ ಸರಿ, ಪರಾತಕ್ಕೆ ಅಲ್ಲ.

ಹಚ್ಚುವ ರೀತಿ: ಬಟ್ಟೆಗೆ ಸ್ವಲ್ಪ ಎಣ್ಣೆ ತೆಗೆದುಕೊಂಡು ತೆಳ್ಳಗೆ ಸವರಿ. ಅರ್ಧ ಗಂಟೆ ಬಿಟ್ಟು ಮೇಲೆ ನಿಂತದ್ದನ್ನೆಲ್ಲ ಒರೆಸಿ ತೆಗೆಯಿರಿ. ಒಂದು ವಾರ ಗಾಳಿಗೆ ಬಿಡಿ. ಕುಡಿದಿದ್ದರೆ ಇನ್ನೊಂದು ಸಲ. ಹೊಳೆಯಬೇಕು ಅಂತ ಮೂರನೇ ಸಲ, ನಾಲ್ಕನೇ ಸಲ ಬೇಡ.

ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಬಿಸಿ ಕೂಡಿಕೊಂಡು ಬಟ್ಟೆ ತಾನಾಗೇ ಹೊತ್ತಿಕೊಳ್ಳಬಹುದು. ಹಗ್ಗದ ಮೇಲೆ ಬಿಡಿಸಿ ಹರವಿ, ಇಲ್ಲವೇ ನೀರಿನ ಬಕೆಟ್‌ಗೆ ಹಾಕಿ. ಮೇವಿನ ಬಣವಿ ಪಕ್ಕದಲ್ಲಿರುವ ಮನೆಯವರು ಇದನ್ನು ಮರೆಯಲೇಬಾರದು.

ಬಿರುಕು, ಸಡಿಲ, ಮುರಿದದ್ದು

ಬಿರುಕಿಗೆ ಪುಟ್ಟಿ ಬೇಡ. ಕಟ್ಟಿಗೆ ಮಳೆಗಾಲದಲ್ಲಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಬಿರುಕಿಗೆ ಗಟ್ಟಿ ಪುಟ್ಟಿ ತುಂಬಿದರೆ ಹಿಗ್ಗಲು ಜಾಗ ಸಿಗದೆ ಪಕ್ಕದಲ್ಲಿ ಇನ್ನೊಂದು ಬಿರುಕು ಬಿಡುತ್ತದೆ. ಸಡಿಲವಾದ ಜೋಡಣೆಗೆ ಮೊದಲು ಹೊಸ ಬೆಣೆ ಹೊಡೆಸಿ ನೋಡಿ. ಅಂಟು ಬೇಕೇ ಬೇಕಾದರೆ ಹಳೇ ಬಡಿಗೇರರ ಸರೇಸು (ಪ್ರಾಣಿಯ ಚರ್ಮ, ಎಲುಬಿನ ಅಂಟು) ಒಳ್ಳೆಯದು. ಮುಂದೆ ಯಾರಾದರೂ ಬಿಚ್ಚಬೇಕಾದರೆ ಬಿಸಿನೀರಿಗೆ ಬಿಡುತ್ತದೆ. ಗಿಳಿಯ ಕೊಕ್ಕು ಮುರಿದು ತುಂಡು ಸಿಕ್ಕಿದ್ದರೆ ಅಂಟಿಸಿ. ತುಂಡು ಸಿಗದಿದ್ದರೆ ಕೊಕ್ಕಿಲ್ಲದ ಗಿಳಿಯೇ ಇರಲಿ.

ಎಲ್ಲಿ ಇಡುವುದು

ಮಣ್ಣಿನ ಗೋಡೆಯ ತಂಪಿನಲ್ಲಿ ಬೆಳೆದ ಕಟ್ಟಿಗೆ ಇವು. ಹುಬ್ಬಳ್ಳಿಯ ಫ್ಲ್ಯಾಟ್‌ನಲ್ಲಿ ಏಸಿಯ ಕೆಳಗೆ ನೇತುಹಾಕಿದರೆ ಸೀಳುತ್ತವೆ. ಮೊದಲ ಕೆಲವು ವಾರ ಗಾಳಿಯಾಡುವ ನೆರಳಿನ ಕೋಣೆಯಲ್ಲಿ ಇಟ್ಟು ಆಮೇಲೆ ಒಳಗೆ ತನ್ನಿ. ಗೋಡೆಗೆ ಒತ್ತಿ ನಿಲ್ಲಿಸಬೇಡಿ, ಎರಡು ಬೆರಳು ಸಂದು ಬಿಡಿ. ನೆಲದ ಮೇಲೆ ನೇರ ಇಡದೆ ಕಡಪ ಕಲ್ಲಿನ ತುಂಡು ಕೊಡಿ, ಗೆದ್ದಲು ಹತ್ತಿದರೂ ಕಣ್ಣಿಗೆ ಬೀಳುತ್ತದೆ. ಬಳಸಬಹುದಾದ್ದನ್ನು ಬಳಸಿ. ಪರಾತದಲ್ಲಿ ಹಿಟ್ಟು ನಾದಿ, ಅಳಗುಳಿ ಆಡಿ. ಆದರೆ ಚೌಕಟ್ಟಿಗೆ ಕನ್ನಡಿ ಕೂರಿಸುವುದು, ಕೂರಿಗೆ ಬಟ್ಟಲಿಗೆ ಇನ್ನೊಂದು ತೂತು ಕೊರೆದು ಬಲ್ಬು ಹಾಕುವುದು ಈಗಿನ ಫ್ಯಾಷನ್. ನನಗದು ಸರಿ ಕಾಣುವುದಿಲ್ಲ. ಬಲ್ಬು ಹಾಕಲೇಬೇಕಾದರೆ ವಯರಿಗೆ ಇರುವ ತೂತೇ ಸಾಕು.

ಮಾರುವವರು, ಕೊಳ್ಳುವವರು

ವ್ಯಾಪಾರಿ ಬಂದು "ಎಲ್ಲಾ ಸೇರಿ ಇಷ್ಟು" ಅಂದರೆ ಒಪ್ಪಬೇಡಿ. ಅವರು ಲೆಕ್ಕ ಹಾಕುವುದು ಕಟ್ಟಿಗೆಯ ಅಡಿ ಲೆಕ್ಕದಲ್ಲಿ, ಆಮೇಲೆ ಮಾರುವುದು ಕೆತ್ತನೆಯ ಲೆಕ್ಕದಲ್ಲಿ. ಜೊತೆಗೆ ಕಾನೂನೂ ಇದೆ. 1972ರ ಪ್ರಾಚೀನ ವಸ್ತುಗಳ ಕಾಯ್ದೆಯ ಪ್ರಕಾರ 100 ವರ್ಷ ದಾಟಿದ ಕೆತ್ತನೆ ಪ್ರಾಚೀನ ವಸ್ತು ಆಗಬಹುದು. ಅಂಥದ್ದನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ, ಅದರ ವ್ಯಾಪಾರ ಮಾಡುವವರಿಗೆ ಪರವಾನಗಿ ಬೇಕು. ಫಾರಿನ್‌ನಲ್ಲಿರುವ ಮಗ "ಅಮ್ಮಾ, ಆ ಗಣಪತಿ ಪಟ್ಟಿ ಪಾರ್ಸೆಲ್ ಮಾಡು" ಅಂದರೆ ಇದು ನೆನಪಿರಲಿ.

ಕೊಳ್ಳುವವರಿಗೂ ಎರಡು ಮಾತು. 'ಹಳೇದು' ಅಂತ ಮಾರುವುದರಲ್ಲಿ ಹೊಸದೇ ಜಾಸ್ತಿ. ಮುಂಭಾಗ ನೋಡಬೇಡಿ, ತಿರುಗಿಸಿ ಹಿಂಭಾಗ ನೋಡಿ. ಬಾಚಿಯಿಂದ ಕೆತ್ತಿದ್ದರೆ ಹಿಂದೆ ಅಂಗೈ ಅಗಲದ ತಗ್ಗು-ದಿನ್ನೆ ಕೈಗೆ ಸಿಗುತ್ತದೆ, ಒಂದರಂತೆ ಇನ್ನೊಂದು ಇರುವುದಿಲ್ಲ. ಮಿಷನ್ ಗರಗಸದ ಗೀರು ಸಮನಾಗಿರುತ್ತದೆ. ಕಂಪ್ಯೂಟರ್ ಮಿಷನ್‌ನಲ್ಲಿ ಕೆತ್ತಿದ್ದರೆ ಎಡಗಡೆಯ ಗಿಳಿಯೂ ಬಲಗಡೆಯ ಗಿಳಿಯೂ ಕೂದಲೆಳೆಯಷ್ಟೂ ಬೇರೆ ಇರುವುದಿಲ್ಲ. ಕೈಯಿಂದ ಕೆತ್ತಿದವನ ಬಲಗಡೆಯ ಗಿಳಿ ಯಾವಾಗಲೂ ಸ್ವಲ್ಪ ದಪ್ಪ, ಇಲ್ಲವೇ ಸ್ವಲ್ಪ ಸಿಟ್ಟಿನದು. ಸವೆತವನ್ನೂ ನೋಡಿ. ಕೈ ತಾಗದ ಸಂದಿಯೂ ಕೈ ತಾಗುವ ಅಂಚೂ ಒಂದೇ ಸಮ ಸವೆದಿದ್ದರೆ ಅದು ಸ್ಯಾಂಡ್‌ಪೇಪರ್‌ನ ಕೆಲಸ.

ನಿಮಗೆ ಇಟ್ಟುಕೊಳ್ಳಲು ಜಾಗವಿಲ್ಲ, ಮಾರಲು ಮನಸ್ಸಿಲ್ಲ ಅಂದರೆ ಸಂಗ್ರಹಾಲಯಗಳನ್ನು ಕೇಳಿ. ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಶುರುವಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಇದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕನ್ನಡ ಸಂಶೋಧನಾ ಸಂಸ್ಥೆಗೂ ತನ್ನದೇ ಸಂಗ್ರಹಾಲಯ ಇದೆ, ಸಂಸ್ಥೆ ಶುರುವಾದದ್ದು 1939ರಲ್ಲಿ. ಸಾಮಾನು ಹೇರಿಕೊಂಡು ನೇರ ಗೇಟಿಗೆ ಹೋಗಿ ನಿಲ್ಲಬೇಡಿ. ಮೊದಲು ಫೋಟೊ, ಅಳತೆ, ಅಜ್ಜಿ ಹೇಳಿದ ವಿವರ ಸೇರಿಸಿ ಪತ್ರ ಬರೆಯಿರಿ. ಅವರ ಹತ್ತಿರ ನೊಗ, ಒನಕೆ ಆಗಲೇ ಸಾಕಷ್ಟು ಇರಬಹುದು. ಯಾರು ಬಳಸಿದ್ದು, ಯಾವ ಬಡಿಗೇರರು ಮಾಡಿದ್ದು ಅಂತ ಚೀಟಿ ಸಮೇತ ಬರುವ ಕೂರಿಗೆ ಬಟ್ಟಲಿನ ಮಾತು ಬೇರೆ. ಕೊಟ್ಟ ಮೇಲೆ ಸ್ವೀಕೃತಿ ಪತ್ರ ಕೇಳಿ ಪಡೆಯಿರಿ, ಅದರ ಒಂದು ಪ್ರತಿ ಅಣ್ಣತಮ್ಮಂದಿರಿಗೂ ಕೊಡಿ. ನಾಳೆ "ಅಜ್ಜನ ತೊಟ್ಟಿಲು ಎಲ್ಲಿ?" ಅಂತ ಜಗಳ ಬರುವುದು ಬೇಡ.